ಅಮೆರಿಕದ ‘ವಿಷ್ಣು ದೇವಾಲಯ’ವೂ ಹಾನಗಲ್ಲಿನ ಕಲ್ಲೂ

ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಮರಿಯ ಚಿತ್ರವನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. ಅಮೆರಿಕದ ಅರಿಜೋನ ರಾಜ್ಯದ ಈ ಒಣನಾಡಿನ ಕಮರಿಯೊಳಗೆ ಒಂದು ಶಿಖರವಿದೆ. ಎತ್ತರ ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್; ಹೆಸರು ‘ವಿಷ್ಣು ದೇವಾಲಯ’! ಅಲ್ಲಿ ಗುಡಿಯೂ ಇಲ್ಲ, ಪೂಜೆಯೂ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರುವ ಅದರ ಆಕಾರ ಪೂರ್ವದೇಶಗಳ ಗೋಪುರದಂತೆ ಕಂಡದ್ದರಿಂದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ 1880ರ ಸುಮಾರಿಗೆ ಈ ಹೆಸರಿಟ್ಟರು. ನಮ್ಮ ಪೂರ್ವಿಕರು ಅಲ್ಲಿಗೆ ಹೋಗಿದ್ದರೆಂಬುದಕ್ಕೆ ದಯವಿಟ್ಟು ಇದನ್ನು ಸಾಕ್ಷಿ ಮಾಡಬೇಡಿ.

ಮೆಟ್ಟಿಲುಗಳಾದದ್ದು ಹೇಗೆ? ಮರಳುಗಲ್ಲು, ಸುಣ್ಣಕಲ್ಲು, ಜೇಡಿಗಲ್ಲುಗಳು ಅಲ್ಲಿ ಒಂದರ ಮೇಲೊಂದು ಮಟ್ಟಸವಾಗಿ ಹಾಸಿಕೊಂಡಿವೆ. ಮೊದಲೆರಡು ಅಲ್ಲಿ ಗಟ್ಟಿ, ಗೋಡೆಯಂತೆ ನಿಲ್ಲುತ್ತವೆ. ಜೇಡಿಗಲ್ಲು ಮೆತ್ತಗೆ, ಸವೆದು ಇಳಿಜಾರಾಗುತ್ತದೆ. ಆ ಪ್ರದೇಶವೇ ಮೇಲೆದ್ದಿದ್ದರಿಂದ ಕೊಲೊರಾಡೊ ನದಿಗೆ ರಭಸ ಬಂತು. ಕಳೆದ 50-60 ಲಕ್ಷ ವರ್ಷಗಳಲ್ಲಿ ಅದು ಸುಮಾರು ಒಂದೂವರೆ ಕಿಲೋಮೀಟರ್ ಆಳಕ್ಕೆ ಕೊರೆದಿದೆ. ಮಳೆ ಕಡಿಮೆಯಾದ್ದರಿಂದ ಕಲ್ಲಿನ ಅಂಚುಗಳು ಇಂದಿಗೂ ಚೂಪಾಗಿವೆ.

ಕಮರಿಯ ತಳದಲ್ಲಿ, ನದಿಯ ಪಕ್ಕದಲ್ಲಿ, ಕಪ್ಪು ಕಲ್ಲೊಂದು ಕಾಣುತ್ತದೆ. ಅದರ ಹೆಸರೂ ‘ವಿಷ್ಣು ಷಿಸ್ಟ್’. ವಯಸ್ಸು ಸುಮಾರು 175 ಕೋಟಿ ವರ್ಷ. ಅದನ್ನು ನೋಡಲು ಜನ ಒಂದೂವರೆ ಕಿಲೋಮೀಟರ್ ಆಳಕ್ಕೆ ಇಳಿಯುತ್ತಾರೆ.

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರಿನವರು ಅಷ್ಟು ಇಳಿಯಬೇಕಿಲ್ಲ. ನೀವು ಬಾವಿ ತೋಡಿದರೆ ಸಿಗುವ ಕಲ್ಲು ಅದಕ್ಕಿಂತಲೂ ಹಳೆಯದು. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ‘ಧಾರವಾಡ ಶಿಲೆ’ ಎಂದು ಕರೆದ ಈ ವರ್ಗಕ್ಕೆ 250 ಕೋಟಿ ವರ್ಷ ದಾಟಿದೆ.

ಹಾಗಾದರೆ ಇಲ್ಲೇಕೆ ಅಂಥ ಕಮರಿಯಿಲ್ಲ? ಇಲ್ಲಿ ನೆಲದ ಇಳಿಜಾರು ಸೌಮ್ಯ. ವರದಾ ನದಿ ಅವಸರವಿಲ್ಲದೆ ತುಂಗಭದ್ರೆಯತ್ತ ಸಾಗುತ್ತದೆ. ಮಳೆ, ಬಿಸಿಲು, ಬೇರುಗಳು ಕಲ್ಲನ್ನು ಕರಗಿಸಿ ಮಣ್ಣಾಗಿಸಿವೆ. ಸವಣೂರಿನ ಎರೆಹೊಲದಲ್ಲಿ ಕಾಲಿಗಂಟುವ ಮಣ್ಣು ಒಂದು ಕಾಲದ ಕಲ್ಲೇ. ಅಮೆರಿಕದಲ್ಲಿ ಶಿಖರವಾಗಿ ನಿಂತದ್ದು ಇಲ್ಲಿ ಹತ್ತಿ, ಜೋಳಕ್ಕೆ ನೆಲೆಯಾಗಿದೆ.

ಪುಟ್ಟ ಕಮರಿಯೊಂದು ಮಾತ್ರ ಹಿರೇಕೆರೂರಿನ ಕಡೆಗೆ, ಮಾಸೂರಿನ ಹತ್ತಿರವಿದೆ. ಅಲ್ಲಿ ಕುಮುದ್ವತಿ ನದಿ ಗುಡ್ಡಗಳ ನಡುವೆ ಹಾದುಹೋಗುತ್ತದೆ. ಆ ಇಕ್ಕಟ್ಟನ್ನೇ ಬಳಸಿ ವಿಜಯನಗರದ ಕಾಲದಲ್ಲಿ ಒಡ್ಡು ಹಾಕಿ ಮದಗದ ಕೆರೆಯನ್ನು ಕಟ್ಟಿದರು. ಅಲ್ಲಿಗೆ ಹೋದಾಗ ಬರಿಯ ಕಲ್ಲನ್ನು ಹತ್ತಿರದಿಂದ ನೋಡಿ. ಗ್ರ್ಯಾಂಡ್ ಕ್ಯಾನಿಯನ್ನಿನ ಮೇಲಿನ ಪದರಗಳು ಚಾಪೆಯಂತೆ ಮಲಗಿದ್ದರೆ, ಧಾರವಾಡ ಶಿಲೆಯ ಪದರಗಳು ಭೂಮಿಯ ಒತ್ತಡಕ್ಕೆ ಮಡಚಿಕೊಂಡು, ಕಪಾಟಿನ ಪುಸ್ತಕಗಳಂತೆ ಓರೆಯಾಗಿ ನಿಂತಿರುತ್ತವೆ.