ತೆಳುಗಾಳಿಯ ಘಟ್ಟದಲ್ಲಿ ಗೇರಿನ ಸೈಕಲ್ಲು

ಡಾಂಬರು ಕಾಣದ ಏರುದಾರಿಯಲ್ಲಿ, ಕಲ್ಲು, ಮಣ್ಣು, ಮರದ ಬೇರುಗಳ ಮೇಲೆ ಓಡಲೆಂದೇ ರೂಪುಗೊಂಡ ಸೈಕಲ್ಲು ಮೌಂಟನ್ ಬೈಕ್. ಸಾಮಾನ್ಯ ಸೈಕಲ್ಲಿಗೂ ಅದಕ್ಕೂ ಇರುವ ಮುಖ್ಯ ವ್ಯತ್ಯಾಸವೆಲ್ಲ ಗೇರು, ಟಯರು, ಶಾಕ್ ಮತ್ತು ಬ್ರೇಕುಗಳಲ್ಲಿದೆ. ಎತ್ತರದ ಪರ್ವತಗಳಲ್ಲಿ ಹಲವು ದಿನ ನಡೆಯುವ ಹಂತಸ್ಪರ್ಧೆಗಳಲ್ಲಿ ಈ ನಾಲ್ಕೂ ಒಟ್ಟಿಗೆ ಪರೀಕ್ಷೆಗೆ ಒಳಗಾಗುತ್ತವೆ. ದಿನಕ್ಕೊಂದು ಹಂತ, ಎಲ್ಲ ಹಂತಗಳ ಸಮಯವನ್ನು ಕೂಡಿಸಿದಾಗ ಯಾರದು ಕಡಿಮೆಯೋ ಅವರಿಗೆ ಗೆಲುವು. ಭಾರತದಲ್ಲಿ ಇದಕ್ಕೆ ಹೆಸರಾದ ಉದಾಹರಣೆ 2005ರಲ್ಲಿ ಹಿಮಾಚಲ ಪ್ರದೇಶದಲ್ಲಿ ಆರಂಭವಾದ ‘ಎಂಟಿಬಿ ಹಿಮಾಲಯ’. ಅದರ ಹಲವು ಆವೃತ್ತಿಗಳು ಸುಮಾರು 2200 ಮೀಟರ್ ಎತ್ತರದ ಶಿಮ್ಲಾದಿಂದ ಹೊರಟು, 3120 ಮೀಟರ್ ಎತ್ತರದ ಜಲೋರಿ ಪಾಸ್ ದಾಟಿವೆ. ಕಡಲ ಮಟ್ಟದ ಊರಿನಿಂದ ಹೋದ ಸವಾರನ ದೇಹಕ್ಕೆ ತೆಳುಗಾಳಿಯ ಮೊದಲ ಪರಿಚಯ ಆಗುವುದು ಇಂಥ ಸ್ಪರ್ಧೆಯ ಮೊದಲ ದಿನದಲ್ಲೇ.

ಹುಟ್ಟು

ಈ ಸೈಕಲ್ಲಿನ ತವರು ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ. 1970ರ ದಶಕದಲ್ಲಿ ಅಲ್ಲಿನ ಯುವಕರು ಹಳೆಯ, ದಪ್ಪ ಟಯರಿನ ಸೈಕಲ್ಲುಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. 1976ರಲ್ಲಿ ಆರಂಭವಾದ ಅವರ ಇಳಿಜಾರಿನ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದು ಬ್ರೇಕಿನಿಂದ. ಪ್ರತಿ ಇಳಿತಕ್ಕೂ ಹಿಂಚಕ್ರದ ಹಬ್ಬಿನೊಳಗಿನ ಬ್ರೇಕಿನ ಗ್ರೀಸು ಕಾದು ಹೊಗೆಯಾಗುತ್ತಿತ್ತು. ಪ್ರತಿ ಬಾರಿಯೂ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಅವರಲ್ಲೊಬ್ಬನಾದ ಜೋ ಬ್ರೀಜ್ 1977ರಲ್ಲಿ ಈ ಬಳಕೆಗೆಂದೇ ಹೊಸ ಚೌಕಟ್ಟು ಕಟ್ಟಿದ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಮೌಂಟನ್ ಬೈಕ್ ಓಟ ಅಧಿಕೃತ ಸ್ಪರ್ಧೆಯಾಗಿತ್ತು. ಕೇರಳದಲ್ಲಿ 2023ರ ಅಕ್ಟೋಬರಿನಲ್ಲಿ ತಿರುವನಂತಪುರದ ಬಳಿಯ ಪೊನ್ಮುಡಿಯಲ್ಲಿ ಏಷ್ಯನ್ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಡೆಯಿತು.

ಕಾಸರಗೋಡಿನ ನೆಲ

ಕೇರಳದ್ದೇ ಆದ ಕಾಸರಗೋಡು ಜಿಲ್ಲೆಯ ಭೂಮಿ ಇಂಥ ಸೈಕಲ್ಲಿಗೆ ಒಳ್ಳೆಯ ಪಾಠಶಾಲೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಒಳದಾರಿಗಳು ಮುರಕಲ್ಲಿನ ಗುಡ್ಡ ಹತ್ತಿ, ಅಡಿಕೆ ತೋಟದ ತಗ್ಗಿಗೆ ಇಳಿದು, ಮತ್ತೆ ಹತ್ತುತ್ತವೆ. ಬೇಸಿಗೆಯಲ್ಲಿ ಚಕ್ರದಡಿ ಉರುಳುವ ಜಲ್ಲಿ, ಮಳೆಗಾಲದಲ್ಲಿ ಜಾರುವ ಪಾಚಿ. ಹಿಡಿತ ಕಲಿಯಲು ಎರಡೂ ಬೇಕು. ಪೂರ್ವಕ್ಕೆ ಪನತ್ತಡಿಯಿಂದ ಮೇಲೇರುವ ರಸ್ತೆ ಸುಮಾರು 750 ಮೀಟರ್ ಎತ್ತರದ ರಾಣಿಪುರಕ್ಕೆ ಮುಟ್ಟುತ್ತದೆ. ಅದರಾಚೆ ಕೊಡಗಿನ ಬೆಟ್ಟಸಾಲು. ರಾಣಿಪುರದ ಏರು ಕಾಲಿನ ಬಲವನ್ನೂ ಗೇರಿನ ಬಳಕೆಯನ್ನೂ ಕಲಿಸಬಲ್ಲದು. ಆದರೆ ಅಲ್ಲಿ ಗಾಳಿಯ ಒತ್ತಡ ಕಡಲ ತೀರದ ಒತ್ತಡದ ಶೇಕಡಾ 91ರಷ್ಟಿದೆ. ಶಿಮ್ಲಾದಲ್ಲಿ ಅದು ಶೇಕಡಾ 77ರ ಆಸುಪಾಸು, ಜಲೋರಿಯಲ್ಲಿ 68. ಆ ವ್ಯತ್ಯಾಸವನ್ನು ಜಿಲ್ಲೆಯ ಯಾವ ಗುಡ್ಡವೂ ಕಲಿಸಲಾರದು.

ಗೇರಿನ ಲೆಕ್ಕ

ಗೇರು ಕೆಲಸವನ್ನು ಕಡಿಮೆ ಮಾಡುವುದಿಲ್ಲ; ಅದನ್ನು ಸಣ್ಣ ಸಣ್ಣ ಕಂತುಗಳಾಗಿ ಒಡೆಯುತ್ತದೆ. ಹಾಲು, ಮೀನು, ಪತ್ರಿಕೆ ಹೊತ್ತು ಊರೂರು ತಿರುಗಿದ ಕರಿ ಸೈಕಲ್ಲಿನಲ್ಲಿ ಪೆಡಲು ಒಂದು ಸುತ್ತು ಬಂದರೆ ಸೈಕಲ್ಲು ಐದು ಮೀಟರಿಗೂ ಸ್ವಲ್ಪ ಹೆಚ್ಚು ದೂರ ಸಾಗುತ್ತದೆ. ಇಂದಿನ ಮೌಂಟನ್ ಬೈಕಿನಲ್ಲಿ ಮುಂದೆ 32 ಹಲ್ಲುಗಳ ಒಂದೇ ಚಕ್ರ, ಹಿಂದೆ 10ರಿಂದ 51 ಹಲ್ಲುಗಳವರೆಗಿನ ಹನ್ನೆರಡು ಚಕ್ರಗಳ ಗೊಂಚಲು ಇರುವುದು ಸಾಮಾನ್ಯ. ಚೈನು 51 ಹಲ್ಲಿನ ಮೇಲಿದ್ದಾಗ ಒಂದು ಸುತ್ತಿಗೆ ಸೈಕಲ್ಲು ಸಾಗುವುದು ಸುಮಾರು 1.4 ಮೀಟರ್ ಮಾತ್ರ.

ಸವಾರ, ಸೈಕಲ್ಲು, ನೀರು ಎಲ್ಲ ಸೇರಿ 90 ಕಿಲೋ ತೂಕ ಎಂದುಕೊಳ್ಳೋಣ. ದಾರಿ ಪ್ರತಿ ನೂರು ಮೀಟರಿಗೆ ಹತ್ತು ಮೀಟರ್ ಏರುತ್ತಿದೆ. ನಿಮಿಷಕ್ಕೆ 80 ಸುತ್ತು ತುಳಿದರೆ ವೇಗ ಗಂಟೆಗೆ ಸುಮಾರು 7 ಕಿಲೋಮೀಟರ್; ಗುರುತ್ವವನ್ನು ಗೆಲ್ಲಲು ಬೇಕಾದ ಶಕ್ತಿ ಸುಮಾರು 170 ವ್ಯಾಟ್. ಅದೇ ವೇಗದಲ್ಲಿ ಕರಿ ಸೈಕಲ್ಲನ್ನು ಹತ್ತಿಸಲು ನಿಮಿಷಕ್ಕೆ 22 ಸುತ್ತು ಸಾಕು. ಆದರೆ ಪ್ರತಿ ತುಳಿತಕ್ಕೂ ಹೆಚ್ಚುಕಡಿಮೆ ನಾಲ್ಕು ಪಟ್ಟು ಬಲ ಬೇಕು. ಅಷ್ಟು ಬಲ ಮೊಣಕಾಲನ್ನು ನೋಯಿಸುತ್ತದೆ, ಜಲ್ಲಿಯ ಮೇಲೆ ಹಿಂಚಕ್ರವನ್ನು ಜಾರಿಸುತ್ತದೆ. ಸಣ್ಣ ಗೇರಿನ ಮೃದು ತುಳಿತದಲ್ಲಿ ಚಕ್ರ ನೆಲವನ್ನು ಬಿಡದೆ ಹಿಡಿಯುತ್ತದೆ.

ಈ ಲೆಕ್ಕದಲ್ಲಿ ಸಾವಿರ ಮೀಟರ್ ಎತ್ತರ ಹತ್ತಲು ಒಂದೂವರೆ ಗಂಟೆ ಹಿಡಿಯುತ್ತದೆ. ತುಳಿತದ ಕೆಲಸ ಸುಮಾರು 880 ಕಿಲೋಜೂಲ್. ದೇಹ ಸುಡುವ ಶಕ್ತಿಯಲ್ಲಿ ಪೆಡಲಿಗೆ ದಕ್ಕುವುದು ಐದನೇ ಒಂದರಿಂದ ನಾಲ್ಕನೇ ಒಂದು ಪಾಲು, ಉಳಿದದ್ದು ಶಾಖ. ಹಾಗಾಗಿ ಆ ಏರಿಗೆ ದೇಹ ತೆರುವ ಬೆಲೆ ಸುಮಾರು 900 ಕಿಲೋಕ್ಯಾಲರಿ.

ಉಸಿರಿಗೆ ಗೇರಿಲ್ಲ

ಎಷ್ಟೇ ಎತ್ತರಕ್ಕೆ ಹೋದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡಾ 21ರಷ್ಟೇ. ಬದಲಾಗುವುದು ಒತ್ತಡ. ಒತ್ತಡ ಇಳಿದಂತೆ ಒಂದು ಉಸಿರಿಗೆ ಸಿಗುವ ಆಮ್ಲಜನಕದ ಅಣುಗಳು ಕಡಿಮೆಯಾಗುತ್ತವೆ, ಶ್ವಾಸಕೋಶದಿಂದ ರಕ್ತಕ್ಕೆ ಅವುಗಳನ್ನು ತಳ್ಳುವ ಒತ್ತಡವೂ ತಗ್ಗುತ್ತದೆ. 3000 ಮೀಟರಿನಲ್ಲಿ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ ಶೇಕಡಾ 15ರ ಆಸುಪಾಸು ಕುಸಿಯುತ್ತದೆ; ಚೆನ್ನಾಗಿ ಪಳಗಿದ ಕ್ರೀಡಾಪಟುಗಳಲ್ಲಿ ಕುಸಿತ ಇನ್ನೂ ಹೆಚ್ಚು.

ಮೊದಲ ದಿನ ದೇಹದ ಕೈಯಲ್ಲಿರುವ ಉಪಾಯಗಳು ಎರಡೇ: ಬೇಗ ಉಸಿರಾಡುವುದು, ಹೃದಯವನ್ನು ಬೇಗ ಬಡಿಸುವುದು. ಮನೆಯಲ್ಲಿ ಆರಾಮಾಗಿ ಎಳೆಯುತ್ತಿದ್ದ ಗೇರಿನಲ್ಲೇ ಇಲ್ಲಿ ಏದುಸಿರು ಬರುತ್ತದೆ. ಹಟದಿಂದ ಅದೇ ವೇಗ ಹಿಡಿದರೆ ಸ್ನಾಯುಗಳು ಸಾಕಷ್ಟು ಆಮ್ಲಜನಕವಿಲ್ಲದೆ ಸಕ್ಕರೆಯನ್ನು ಸುಡತೊಡಗುತ್ತವೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಬೇಗ ಕರಗುತ್ತದೆ. ಅದು ಮತ್ತೆ ತುಂಬಲು ಒಂದು ದಿನವೇ ಬೇಕಾಗಬಹುದು. ಆ ಒಂದು ದಿನವನ್ನು ಹಂತಸ್ಪರ್ಧೆ ಕೊಡುವುದಿಲ್ಲ. ಆದ್ದರಿಂದ ಅನುಭವಿಗಳು ಮೊದಲ ಏರಿನಲ್ಲಿ ಎರಡು ಗೇರು ಕೆಳಗಿಳಿದು, ಮಾತಾಡಲು ಆಗುವಷ್ಟು ಉಸಿರು ಉಳಿಸಿಕೊಂಡು ತುಳಿಯುತ್ತಾರೆ.

ತೆಳುಗಾಳಿಯಿಂದ ಒಂದು ಅನುಕೂಲವೂ ಉಂಟು: ಗಾಳಿಯ ಎದುರೆಳೆತ ಕಡಿಮೆ. ಸೈಕಲ್ ಪಟು ಎಡ್ಡಿ ಮರ್ಕ್ಸ್ 1972ರಲ್ಲಿ ಒಂದು ಗಂಟೆಯ ದಾಖಲೆಗೆ ಮೆಕ್ಸಿಕೋ ನಗರವನ್ನು ಆರಿಸಿಕೊಂಡದ್ದು ಇದಕ್ಕಾಗಿಯೇ. ಅಲ್ಲಿ ಅವನು 49.431 ಕಿಲೋಮೀಟರ್ ಓಡಿಸಿದ. ಆದರೆ ಗಂಟೆಗೆ 7 ಕಿಲೋಮೀಟರ್ ವೇಗದ ಏರಿನಲ್ಲಿ ಗಾಳಿಯ ತಡೆ ಮೊದಲೇ ಅತ್ಯಲ್ಪ. ಆ ಲಾಭ ಲೆಕ್ಕಕ್ಕೆ ಬಾರದು.

ಟಯರು ಮತ್ತು ಶಾಕ್

ಟಯರಿನ ಅಗಲ ಎರಡು ಇಂಚಿಗೂ ಹೆಚ್ಚು. ಒಳಗೆ ಟ್ಯೂಬಿನ ಬದಲು ತೂತನ್ನು ತಾನೇ ಮುಚ್ಚುವ ದ್ರವ. ಗಾಳಿಯ ಒತ್ತಡ 20ರಿಂದ 25 ಪಿಎಸ್‌ಐ ಇದ್ದರೆ ಸಾಕು. ಮೆತ್ತಗಿನ ಟಯರು ಕಲ್ಲಿನ ಆಕಾರಕ್ಕೆ ಬಾಗಿ ಹಿಡಿಯುತ್ತದೆ, ಗಟ್ಟಿ ಟಯರು ಪುಟಿದು ಶಕ್ತಿ ಕಳೆಯುತ್ತದೆ. ಕುಂಬಳೆಯ ಕಡಲತೀರದಲ್ಲಿ 22 ಪಿಎಸ್‌ಐ ತೋರಿದ ಟಯರನ್ನು ಹಾಗೆಯೇ 3100 ಮೀಟರಿಗೆ ಒಯ್ದರೆ, ಹೊರಗಿನ ಒತ್ತಡ ಇಳಿದ ಕಾರಣ ಮಾಪಕ ನಾಲ್ಕೂವರೆ ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಚಳಿಯಿದ್ದರೆ ಸ್ವಲ್ಪ ಕಡಿಮೆ. ಗಾಳಿಯನ್ನು ಮೇಲೆ ಮತ್ತೆ ಅಳೆಯಬೇಕಾದದ್ದು ಇದಕ್ಕೇ.

ಶಾಕ್ ಇರುವುದು ಮುಂದಿನ ಫೋರ್ಕಿನಲ್ಲಿ. ಅದರೊಳಗೆ ಒತ್ತಿದ ಗಾಳಿ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ, ಎಣ್ಣೆ ಕಿರುರಂಧ್ರಗಳಲ್ಲಿ ನುಗ್ಗಿ ಅದರ ಪುಟಿತವನ್ನು ತಡೆಯುತ್ತದೆ. ದೂರದ ಸ್ಪರ್ಧೆಗಳಲ್ಲಿ ಇದರ ಕುಸಿತ 100ರಿಂದ 120 ಮಿಲಿಮೀಟರ್. ಏರಿನಲ್ಲಿ ಅದನ್ನು ಬಿಗಿಮಾಡಿದರೆ ತುಳಿತದ ಬಲ ಓಲಾಟದಲ್ಲಿ ಪೋಲಾಗುವುದಿಲ್ಲ.

ಇಳಿತ ಮತ್ತು ಬ್ರೇಕು

ಹತ್ತುವಾಗ ಕೂಡಿಟ್ಟ 880 ಕಿಲೋಜೂಲ್ ಇಳಿಯುವಾಗ ಎಲ್ಲಾದರೂ ಖರ್ಚಾಗಲೇಬೇಕು. ಗಾಳಿ, ಟಯರುಗಳ ಪಾಲು ಕಳೆದು ಉಳಿದದ್ದೆಲ್ಲ ಬ್ರೇಕಿನ ತಟ್ಟೆಗಳಲ್ಲಿ ಶಾಖವಾಗುತ್ತದೆ. ಇಡೀ ಶಕ್ತಿಯನ್ನು ನೀರಿಗೆ ಕೊಟ್ಟರೆ ಎರಡೂವರೆ ಲೀಟರ್ ತಣ್ಣೀರು ಕುದಿಬಿಂದು ಮುಟ್ಟುತ್ತದೆ. ಬ್ರೇಕನ್ನು ಉದ್ದಕ್ಕೂ ಒತ್ತಿಹಿಡಿದರೆ ತಟ್ಟೆಗೆ ಆರಲು ಬಿಡುವಿಲ್ಲ. ಬ್ರೇಕಿನ ದ್ರವ ಕುದಿದು ಗುಳ್ಳೆ ಬಂದರೆ ಲಿವರು ಹ್ಯಾಂಡಲ್ಲಿಗೆ ತಾಗಿದರೂ ಚಕ್ರ ನಿಲ್ಲದು. ತಿರುವಿಗೆ ಮೊದಲು ಬಲವಾಗಿ ಹಿಡಿದು, ನೇರದಾರಿಯಲ್ಲಿ ಪೂರ್ತಿ ಬಿಡುವುದು ಸರಿಯಾದ ಕ್ರಮ.

ಮೊದಲ ರಾತ್ರಿ

ಹಂತ ಮುಗಿದ ಮೇಲೂ ಎತ್ತರದ ಕೆಲಸ ಮುಗಿಯುವುದಿಲ್ಲ. 2500 ಮೀಟರಿಗೆ ಮೇಲೆ ತಲೆನೋವು, ವಾಕರಿಕೆ, ನಿದ್ದೆಗೇಡು ಸಾಮಾನ್ಯವಾಗಿ ತಲಪಿದ ಆರರಿಂದ ಹನ್ನೆರಡು ಗಂಟೆಗಳ ಬಳಿಕ ಕಾಣಿಸಿಕೊಳ್ಳುತ್ತವೆ. ಲಕ್ಷಣ ಹೆಚ್ಚಾದರೆ ಕೆಳಗಿಳಿಯುವುದೇ ಮದ್ದು. ಕರಾವಳಿಯಲ್ಲಿ ಬೆವರು ಕಣ್ಣಿಗೆ ಕಾಣುತ್ತದೆ. ಒಣಚಳಿಯಲ್ಲಿ ಉಸಿರಿನ ಜೊತೆ ಹೋಗುವ ನೀರು ಕಾಣುವುದಿಲ್ಲ, ಆದ್ದರಿಂದ ಬಾಯಾರುವ ಮೊದಲೇ ಕುಡಿಯಬೇಕು.

ಕೆಂಪು ರಕ್ತಕಣ ಹೆಚ್ಚಿಸುವ ಎರಿತ್ರೋಪೊಯೆಟಿನ್ ಹಾರ್ಮೋನು ಕೆಲವೇ ಗಂಟೆಗಳಲ್ಲಿ ಏರತೊಡಗುತ್ತದೆ. ಆದರೆ ಕಣಗಳು ಬೆಳೆದು ಸಾಕಷ್ಟಾಗಲು ವಾರಗಳೇ ಬೇಕು. ಅಷ್ಟರಲ್ಲಿ ಸ್ಪರ್ಧೆಯೇ ಮುಗಿದಿರುತ್ತದೆ. ಕಡಲ ಬದಿಯ ಸವಾರ ಎರಡು ಮೂರು ವಾರ ಮೊದಲೇ ಬೆಟ್ಟ ಸೇರಬೇಕು. ಆಗದಿದ್ದರೆ ಮೊದಲ ದಿನವನ್ನು ಸಣ್ಣ ಗೇರಿನಲ್ಲಿ ಕಳೆಯಬೇಕು.