ಖಾಕಿ ತೊಟ್ಟ ಬ್ರಹ್ಮ

ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳು ಮಳೆಗಾಲ ಕಳೆದು ಮತ್ತೆ ತಿರುಗಾಟಕ್ಕೆ ಅಣಿಯಾಗುವ ಕಾಲದಲ್ಲಿ, 2021ರ ನವೆಂಬರ್ 19ರಂದು, ರಾಜ್ ಬಿ. ಶೆಟ್ಟಿಯವರ ನಿರ್ದೇಶನದ ‘ಗರುಡ ಗಮನ ವೃಷಭ ವಾಹನ’ ಚಿತ್ರ ತೆರೆಕಂಡಿತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಬಯಲಾಟದ ಪ್ರೇಕ್ಷಕನಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾದುದಿಲ್ಲ. ಗರುಡನನ್ನೇರಿದವನು ಹರಿ, ವೃಷಭವನ್ನೇರಿದವನು ಹರ. ಚಿತ್ರದ ಹರಿ ಮತ್ತು ಶಿವರಾದರೋ ಮಂಗಳೂರಿನ ಮಂಗಳಾದೇವಿಯ ಆಸುಪಾಸಿನಲ್ಲಿ ಒಟ್ಟಿಗೆ ಬೆಳೆದು ರಕ್ತದ ಹಾದಿ ಹಿಡಿದ ಗೆಳೆಯರು. ರಿಷಬ್ ಶೆಟ್ಟಿಯವರ ಹರಿಯಲ್ಲಿ ಲೆಕ್ಕಾಚಾರ, ನಿರ್ದೇಶಕರೇ ಧರಿಸಿದ ಶಿವನಲ್ಲಿ ಕಡಿವಾಣವಿಲ್ಲದ ರೌದ್ರ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದವನು ಮಾತ್ರ ಈ ಇಬ್ಬರೂ ಅಲ್ಲ, ಮೂರನೆಯವನಾದ ಬ್ರಹ್ಮಯ್ಯ. ಗೋಪಾಲಕೃಷ್ಣ ದೇಶಪಾಂಡೆಯವರು ಅಭಿನಯಿಸಿದ ಈ ಪೊಲೀಸ್ ಅಧಿಕಾರಿ, ಎದೆಯುಬ್ಬಿಸಿ ಬಂದು ದುಷ್ಟಸಂಹಾರ ಮಾಡುವ ನಮ್ಮ ಸಿನಿಮಾಗಳ ಇನ್ಸ್‌ಪೆಕ್ಟರನಂತಲ್ಲದೆ, ಮೇಲಿನವರ ಒತ್ತಡಕ್ಕೂ ಕೆಳಗಿನವರ ಕತ್ತಿಗೂ ನಡುವೆ ಸಿಲುಕಿ, ಭಯದಿಂದ ಬೆವರುವ, ಅಳುವ, ಹಾಗಿದ್ದೂ ಮರುದಿನ ಠಾಣೆಗೆ ಹೋಗಲೇಬೇಕಾದ ಮನುಷ್ಯ. ತ್ರಿಮೂರ್ತಿಗಳಲ್ಲಿ ಬ್ರಹ್ಮನಿಗೆ ಪೂಜೆ ವಿರಳವೆಂಬುದನ್ನು ಬಲ್ಲ ನಾಡಿನಲ್ಲಿ ಈ ಹೆಸರಿನ ಔಚಿತ್ಯ ಎಷ್ಟು ಗಾಢವಾದುದು! ಬಯಲಾಟದಲ್ಲಿ ತೆರೆಯ ಹಿಂದೆ ಅಬ್ಬರಿಸಿದ ಬಣ್ಣದ ವೇಷವೂ ಬೆಳಗಾಗುವಾಗ ಚೌಕಿಗೆ ಬಂದು ಬಣ್ಣ ತೆಗೆಯುತ್ತದೆ. ಖಾಕಿಯನ್ನು ಕಳಚಿಟ್ಟರೂ ಅದರೊಳಗಿನ ಭೀತಿಯನ್ನು ಕಳಚಲು ಬ್ರಹ್ಮಯ್ಯನಿಗೆ ಚೌಕಿಯಿಲ್ಲ.

2017ರ ‘ಒಂದು ಮೊಟ್ಟೆಯ ಕಥೆ’ಯಲ್ಲಿ ಬೋಳುತಲೆಯ ಕನ್ನಡ ಅಧ್ಯಾಪಕನಾಗಿ ನಗಿಸಿದವರೇ ಇಲ್ಲಿ ಶಿವನಾಗಿರುವ ರಾಜ್ ಬಿ. ಶೆಟ್ಟಿಯವರೆಂದು ನಂಬುವುದು ಮೊದಲಿಗೆ ಕಷ್ಟವಾಗುತ್ತದೆ. ಆ ಚಿತ್ರದಲ್ಲಿ ಜೊತೆಗಿದ್ದ ಪ್ರವೀಣ್ ಶ್ರೀಯಾನ್ ಇಲ್ಲಿಯೂ ಛಾಯಾಗ್ರಹಣ, ಸಂಕಲನಗಳೆರಡನ್ನೂ ನಿರ್ವಹಿಸಿದ್ದಾರೆ. ಸಂಗೀತ ಮಿಥುನ್ ಮುಕುಂದನ್ ಅವರದು.

ಕರಾವಳಿಯ ಕನ್ನಡವು ಬೆಳ್ಳಿತೆರೆಯಲ್ಲಿ ಬಹುಕಾಲ ನಗೆಪಾತ್ರಗಳ ಸೊತ್ತಾಗಿತ್ತು. ‘ಎಂತ ಮಾರಾಯ’ ಎಂದೊಡನೆ ಘಟ್ಟದ ಮೇಲಿನ ಪ್ರೇಕ್ಷಕರು ನಗುತ್ತಿದ್ದರು. ಅದೇ ನುಡಿ ಇಲ್ಲಿ ಸ್ನೇಹವನ್ನೂ ದ್ರೋಹವನ್ನೂ ಮರಣಭಯವನ್ನೂ ಹೊತ್ತು ನಿಂತಿತು. 2022ರ ಜನವರಿಯಲ್ಲಿ ಜೀ5ರ ಮೂಲಕ ಮನೆಮನೆಗೂ ಬಂದ ಮೇಲೆ ಕನ್ನಡವರಿಯದ ನೋಡುಗರೂ ಚಿತ್ರವನ್ನು ಕಂಡರು. ಹಿಂಸೆ ಮಿತಿಮೀರಿತೆಂಬ ಆಕ್ಷೇಪವನ್ನು ನಾನು ಒಪ್ಪಲಾರೆ, ಏಕೆಂದರೆ ಪ್ರತಿಯೊಂದು ಕೊಲೆಯ ಭಾರವನ್ನೂ ಚಿತ್ರ ತೂಗಿ ತೋರಿಸುತ್ತದೆ. ಆದರೆ ಈ ಲೋಕದಲ್ಲಿ ಹೆಣ್ಣಿಗೆ ದೊರೆತ ಸ್ಥಳ ಅತ್ಯಲ್ಪವೆಂಬುದು ನಿಜವಾದ ಕೊರತೆ.

ಕೊಲೆಗೈದು ಬಂದ ಶಿವನು ಹುಲಿವೇಷದ ಹೆಜ್ಜೆ ಹಾಕುವ ದೃಶ್ಯವೊಂದಿದೆ. ದಸರೆಗೆ ಪಿಲಿನಲಿಕೆ ಕಂಡು ಬೆಳೆದವರಿಗೆ ಆ ಹೆಜ್ಜೆಯ ಪರಿಚಯ ಹೇಳುವುದು ಬೇಡ. ಹಿನ್ನೆಲೆಯಲ್ಲಿ ಕೇಳುವುದು ತಾಸೆಯ ಪೆಟ್ಟಲ್ಲ. ದೂರದ ಬಯಲುಸೀಮೆಯಲ್ಲಿ ಮಾದೇವನನ್ನು ಕುರಿತು ಹಾಡುವ ಸೂಜುಮಲ್ಲಿಗೆಯ ಜನಪದ ಗೀತೆ. ಬೆಟ್ಟದ ಮಾದಪ್ಪನೆನಿಸಿದ ಆ ಮಾದೇವನು ಹುಲಿಯನ್ನೇ ವಾಹನವಾಗಿ ಉಳ್ಳವನು. ಕಡಲ ತೀರದ ಹುಲಿಯೂ ಬೆಟ್ಟದ ಹುಲಿಯೂ ಅಲ್ಲಿ ಒಂದೇ ದೇಹದಲ್ಲಿ ಸಂಧಿಸಿ ಕುಣಿಯುತ್ತವೆ. ನೋಡುವವನಿಗೆ ಕೈಮುಗಿಯಬೇಕೆನಿಸುತ್ತದೆ, ಓಡಿಹೋಗಬೇಕೆಂದೂ ಅನಿಸುತ್ತದೆ.