ಹಿನ್ನೆಲೆ ಮಸುಕಿಗೆ ಹಳೆಯ ಲೆನ್ಸೋ, ಹೊಸದೋ?

ಮುಖ ಸ್ಪಷ್ಟ, ಹಿಂದಿನದೆಲ್ಲ ಮಸುಕು. ಇಂತಹ ಚಿತ್ರಕ್ಕಾಗಿ ಟೆಲಿ ಲೆನ್ಸ್ ಕೊಳ್ಳಹೊರಟಿದ್ದೀರಾ? ಮೊದಲು ಸಣ್ಣದೊಂದು ಲೆಕ್ಕ ಮಾಡಿ ನೋಡಿ. ಲೆನ್ಸಿನ ಮಿಲಿಮೀಟರನ್ನು ಅದರ ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಹೋಗುವ ಕಂಡಿಯ ಅಗಲ ಸಿಗುತ್ತದೆ. ಕಂಡಿ ದೊಡ್ಡದಾದಷ್ಟೂ ಮಸುಕು ಹೆಚ್ಚು.

ಕ್ಯಾನನ್ ಕಂಪೆನಿಯ 1996ರ 135 ಮಿ.ಮೀ. ಎಫ್/2 ಲೆನ್ಸಿನಲ್ಲಿ ಇದು 67.5 ಮಿ.ಮೀ.; 2022ರ 135 ಮಿ.ಮೀ. ಎಫ್/1.8ರಲ್ಲಿ 75. ಒಂದೇ ದೂರದಿಂದ ತೆಗೆದರೆ ಮಸುಕು ಹೆಚ್ಚುವುದು ಒಂಬತ್ತರಲ್ಲಿ ಒಂದು ಪಾಲು ಮಾತ್ರ.

ಹೊಸದರಲ್ಲಿ ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆಯಿದೆ, ಹಳೆಯದರಲ್ಲಿಲ್ಲ. ಆದರೆ ಕುಣಿಯುವ ವೇಷಧಾರಿಯನ್ನು ಅದು ನಿಲ್ಲಿಸದು. ಹಳೆಯದು ಅಡಾಪ್ಟರ್ ಮೂಲಕ ಹೊಸ ಕ್ಯಾಮರಾಕ್ಕೂ ಕೂರುತ್ತದೆ. ಹೊಸದು ಹಳೆಯ ಕ್ಯಾಮರಾಕ್ಕೆ ಕೂರದು. ಮಸುಕೊಂದೇ ಬೇಕಿದ್ದರೆ ಹಳೆಯದು ಸಾಕು.

ಕೊಳ್ಳುವ ಮುನ್ನ ಟಾರ್ಚು ಹಾಯಿಸಿ ಒಳಗೆ ನೋಡಿ. ನಮ್ಮ ಕರಾವಳಿಯ ತೇವಕ್ಕೆ ಗಾಜಿಗೆ ಬೂಷ್ಟು ಹಿಡಿಯುವುದುಂಟು. ಜೇಡರ ಬಲೆಯಂತಹ ಎಳೆ ಕಂಡರೆ ಎಷ್ಟು ಅಗ್ಗವಾದರೂ ಬೇಡ.

ಇನ್ನೊಂದು ಮಾತು. ಯಕ್ಷಗಾನದ ವೇಷ ಪರದೆಗೆ ಒತ್ತಿ ನಿಂತಿದ್ದರೆ ಯಾವ ಲೆನ್ಸೂ ಪರದೆಯನ್ನು ಪೂರಾ ಕರಗಿಸದು. ನಾಲ್ಕು ಹೆಜ್ಜೆ ಮುಂದೆ ಬರುವ ತನಕ ಕಾಯಿರಿ. ಅದಕ್ಕೆ ಖರ್ಚಿಲ್ಲ.